ಚೌಕಕ್ಕೆ ಕಟ್ಟಿದ ನೂಲು

ನಮ್ಮೂರಿನಲ್ಲಿ ಹಾಲಿನ ಪಾತ್ರೆಯನ್ನು ಒಲೆಯ ಮೇಲೆ ಇಡುವುದಿಲ್ಲ, ಮೂರು ಸರಪಳಿ ಕಟ್ಟಿ ತೂಗುಹಾಕುತ್ತೇವೆ. ಊರು ವಾಲಿದಾಗ ಒಲೆ ವಾಲುತ್ತದೆ, ಅಡುಗೆಮನೆ ವಾಲುತ್ತದೆ, ಒಳಗೆ ನಿಂತ ನಾನೂ ವಾಲುತ್ತೇನೆ. ಹಾಲು ಮಾತ್ರ ತನ್ನ ಪಾಡಿಗೆ ತಾನು ನೆಟ್ಟಗೆ ನೇತಾಡಿಕೊಂಡು ಕಾಯುತ್ತಿರುತ್ತದೆ. ಸೌಟು, ಜಾಲರಿ, ಸಾರಿನ ತಪ್ಪಲೆ, ದೇವರ ದೀಪ, ಬಟ್ಟೆಯ ಟ್ರಂಕು ಎಲ್ಲವೂ ನಮ್ಮಲ್ಲಿ ನೇತಾಡುವಂಥವೇ. ನನ್ನ ಗಂಡ ಇಂದುಧರ ಅವರದು ಕೊಂಡಿ, ಸರಪಳಿಯ ಅಂಗಡಿ. ಈ ಊರಲ್ಲಿ ಅಕ್ಕಿ ಅಂಗಡಿಗಿಂತ ಅಲ್ಲೇ ಜನ ಹೆಚ್ಚು.

ದಿನಕ್ಕೆ ಹಲವು ಸಲ ಊರು ವಾಲುತ್ತದೆ. ಒಮ್ಮೆ ಬಾವಿಯ ಕಡೆಗೆ, ಒಮ್ಮೆ ಸೇತುವೆಯ ಕಡೆಗೆ. ಎಲೆ ಅಡಿಕೆ ಹಾಕಿ ಮುಗಿಸುವಷ್ಟು ಹೊತ್ತು ಹಾಗೇ ಇದ್ದು ಮತ್ತೆ ನೆಟ್ಟಗಾಗುತ್ತದೆ. ಶುರುವಾಗುವ ಮೊದಲು ತಾಮ್ರದ ಪಾತ್ರೆಗಳು ಸಣ್ಣಗೆ ಗುಂಯ್‌ಗುಡುತ್ತವೆ. ಆ ಸದ್ದು ಕೇಳಿದ ಕೂಡಲೇ ಬೀದಿಯಲ್ಲಿ ಯಾರಾದರೊಬ್ಬರು "ಕಣ್ಣೂ!" ಎಂದು ಕೂಗುತ್ತಾರೆ, ಎಲ್ಲರೂ ಇದ್ದಲ್ಲೇ ಕಣ್ಣು ಮುಚ್ಚುತ್ತಾರೆ. ಕಣ್ಣು ಬಿಟ್ಟವರಿಗೆ ಗೋಡೆ ನೆಟ್ಟಗಿದ್ದಂತೆಯೇ ಕಾಣುತ್ತದೆ, ಏಕೆಂದರೆ ಗೋಡೆಯೂ ಮನೆಯ ಜೊತೆಗೇ ವಾಲಿರುತ್ತದೆ. ಅದನ್ನು ನಂಬಿ ಹೆಜ್ಜೆ ಇಟ್ಟವರು ಉರುಳುತ್ತಾರೆ. ಕಣ್ಣು ಮುಚ್ಚಿದರೆ ಒಳಗಿನಿಂದ ಯಾವುದೋ ಒಂದು ತಿಳಿವು ಬಂದು ಕಾಲನ್ನು ಸರಿಯಾದ ಕಡೆಗೆ ಬಾಗಿಸುತ್ತದೆ. ನಾವು ಹುಟ್ಟಿದಾಗಿನಿಂದ ಹೀಗೇ ಬದುಕಿದವರು. ಆ ತಿಳಿವು ಎಲ್ಲಿಂದ ಬರುತ್ತದೆ ಎಂದು ನಾನಂತೂ ಕೇಳಿಕೊಂಡಿರಲಿಲ್ಲ. ಅನ್ನ ಬೇಯುವಾಗ ನೀರು ಎಲ್ಲಿಗೆ ಹೋಯಿತು ಎಂದು ಯಾರು ಕೇಳುತ್ತಾರೆ?

ಹೋದ ಮಳೆಗಾಲದ ಕೊನೆಗೆ ನಮ್ಮ ವಾರಿಗೆ ಜ್ವರ ಬಂತು. ಹೆಸರು ವಾರಿಜಾ, ಒಬ್ಬಳೇ ಮಗಳು, ಒಂಬತ್ತು ವರ್ಷದವಳು. ಜ್ವರ ತಲೆಗೇರಿ ಬಹಳ ದಿನ ಕಣ್ಣೇ ತೆರೆಯಲಿಲ್ಲ. ಕೊನೆಗೊಂದು ಬೆಳಿಗ್ಗೆ "ಅಮ್ಮ, ಗಂಜಿ" ಎಂದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತು, ಗಂಜಿ ಕಾಯಿಸಿ ತಂದೆ. ಎಲ್ಲ ಮುಗಿಯಿತು ಎಂದುಕೊಂಡಿದ್ದೆ.

ಎದ್ದು ನಿಂತ ಮೊದಲ ದಿನವೇ ಹೊಸ್ತಿಲ ಬಳಿ ಬಿದ್ದಳು. ಊರು ವಾಲಿಯೂ ಇರಲಿಲ್ಲ.

"ನಿಶ್ಶಕ್ತಿ ಕಣೇ" ಎಂದರು ಇವರು.

"ಕಣ್ಮುಚ್ಕೋ ಮಗಳೇ, ಕಣ್ಮುಚ್ಕೊಂಡು ನಿಂತ್ಕೋ" ಎಂದೆ ನಾನು.

ಕಣ್ಣು ಮುಚ್ಚಿದಳು. ಬುಡ ಕತ್ತರಿಸಿದ ಬಾಳೆಗಿಡದಂತೆ ಒರಗಿಬಿಟ್ಟಳು. ಗಲ್ಲ ಒಡೆಯಿತು. ಪಕ್ಕದ ಮನೆಯ ಪುಟ್ಟಗೌರಿ ಓಡಿಬಂದು ಅರಿಸಿನ ಒತ್ತಿ, "ಇನ್ನೂ ಗಟ್ಟಿಯಾಗಿ ಮುಚ್ಚೇ ಹುಡುಗಿ, ಕಳ್ಳಗಣ್ಣು ಬಿಡ್ತಿದೀಯ" ಎಂದು ಬೈದಳು. ಆಮೇಲಿನ ದಿನಗಳಲ್ಲಿ ಯಾರು ಬಂದರೂ ಅದೇ ಮಾತು. ಸೊಪ್ಪಿನವಳು, ಮೇಷ್ಟರು, ಹಾಲಿನವನು ಎಲ್ಲರೂ ಪ್ರೀತಿಯಿಂದಲೇ "ಕಣ್ಮುಚ್ಕೋ ಕಂದ" ಎನ್ನುತ್ತಿದ್ದರು, ಅವಳು ಮುಚ್ಚಿಕೊಂಡು ಬೀಳುತ್ತಿದ್ದಳು.

ಇನ್ನೊಂದು ಸಂಗತಿ ನನಗೆ ಅಡುಗೆಮನೆಯಲ್ಲಿ ತಿಳಿಯಿತು. ಎಡಗಡೆಯಿಂದ ಕರೆದರೆ ವಾರಿ ಬಲಕ್ಕೆ ತಿರುಗುತ್ತಿದ್ದಳು. ಹಿಂದಿನಿಂದ ಕರೆದರೂ ಬಲಕ್ಕೇ. ನಾನು ಎದುರಿಗೆ ಬರುವ ತನಕ ಸುತ್ತಮುತ್ತ ಹುಡುಕುತ್ತಿದ್ದಳು. "ನಿನ್ನ ದನಿ ಎಲ್ಲಾ ಒಂದೇ ಕಡೆಯಿಂದ ಬರುತ್ತೆ ಅಮ್ಮ" ಎಂದಳು. ಅವಳ ಎಡಗಿವಿಯ ಪಕ್ಕ ನಾನು ಚಿಟಿಕೆ ಹೊಡೆದೆ. ಅವಳು ಕಣ್ಣನ್ನೂ ಮಿಟುಕಿಸಲಿಲ್ಲ.

ಆ ವಾರವೇ ದ್ಯಾವಮ್ಮಜ್ಜಿ ಮನೆಗೆ ಬಂದರು. ದ್ಯಾವಮ್ಮಜ್ಜಿ ನಮ್ಮ ಚೌಕದ ಹಿರಿಯರು. ಚಳಿ ಮುಗಿಯುವಾಗ ಬರುವ ದೊಡ್ಡ ವಾಲಿನ ದಿನ, ಏಳು ತುಂಬಿದ ಮಕ್ಕಳನ್ನೂ ಕಾಯಿಲೆ ಬಿದ್ದು ಎದ್ದವರನ್ನೂ ಕಣ್ಣಿಗೆ ಬಟ್ಟೆ ಕಟ್ಟಿ ಚೌಕದ ಈ ಕಂಬದಿಂದ ಆ ಬಾವಿಕಟ್ಟೆಯ ತನಕ ನಡೆಸುವವರು ಅವರೇ. ನಡೆದವರು ಊರಲ್ಲಿ ಇರಬಹುದು. ಬಿದ್ದವರನ್ನು ಹೊಳೆಯಾಚೆ, ನೆಲ ಅಲುಗದ ಸಪಾಟಿನ ಊರುಗಳಿಗೆ ಕಳಿಸಬೇಕು. ಅಜ್ಜಿಯ ತಮ್ಮನೊಬ್ಬ ಹೀಗೇ ಆಗಿ, ತಾಯಿಯ ಕರುಳು ಒಪ್ಪದೆ ಮನೆಯಲ್ಲೇ ಉಳಿದು, ಬಾವಿಯ ಮೆಟ್ಟಿಲಿನಿಂದ ಉರುಳಿ ಸತ್ತಿದ್ದ. ಅಂದಿನಿಂದ ಅವರು ಯಾರಿಗೂ ರಿಯಾಯಿತಿ ಕೊಟ್ಟವರಲ್ಲ.

ಅವರಿಗೊಂದು ಚಾಳಿಯಿತ್ತು, ಅದರ ಬಗ್ಗೆ ಊರೆಲ್ಲ ನಗುತ್ತಿತ್ತು. ಚೌಕ ದಾಟುವಾಗ ಯಾರಾದರೂ ಸಿಕ್ಕರೆ ಅವರ ಬುಟ್ಟಿಯ ಅಂಚಿಗೆ ಬೆರಳಿಟ್ಟು, "ಏನೇ ಇದು, ಬದನೆಕಾಯಾ? ಎಳೇದಾ?" ಎಂದು ವಿಚಾರಿಸುತ್ತ ಆ ತುದಿಯ ತನಕ ಜೊತೆಗೇ ಬರುತ್ತಿದ್ದರು. "ದ್ಯಾವಮ್ಮಜ್ಜಿಗೆ ಬುಟ್ಟಿ ತೋರಿಸದೆ ಬಾವಿ ನೀರೂ ಸಿಕ್ಕಲ್ಲ" ಎಂದು ಪುಟ್ಟಗೌರಿ ಆಡಿಕೊಳ್ಳುತ್ತಿದ್ದಳು.

ಅಜ್ಜಿ ವಾರಿಯ ಗಲ್ಲದ ಗಾಯ ನೋಡಿದರು, ಮೊಣಕಾಲು ನೋಡಿದರು. "ಹೇಮಾ, ದೊಡ್ಡ ವಾಲಿನ ದಿನ ನಡೆಸಿ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಹಟ ಮಾಡ್ಬೇಡ. ನಿನ್ನ ಅತ್ತಿಗೆ ಇದಾಳಲ್ಲ ಸಪಾಟಲ್ಲಿ?"

ಲೋಲಾಕ್ಷಿ ಅತ್ತಿಗೆ ಇದ್ದರು. ನನ್ನ ಗಂಡನ ಅಕ್ಕ, ಮಕ್ಕಳಿಲ್ಲದವರು, ಕೆಟ್ಟವರೂ ಅಲ್ಲ. "ಕಳಿಸು, ನನ್ನ ಕಣ್ಣಲ್ಲಿಟ್ಟು ನೋಡ್ಕೋತೀನಿ" ಎಂದು ಹೇಳಿಕಳಿಸಿದರು. ನೋಡಿಕೊಳ್ಳುತ್ತಿದ್ದರು ಕೂಡ. ಅದೇ ನನ್ನ ಸಂಕಟ. ಬೇಡ ಎನ್ನಲು ಅವರಲ್ಲಿ ಒಂದು ಹುಳುಕೂ ಇರಲಿಲ್ಲ. ಮಗಳು ಬೇರೆ ಒಲೆಯ ಮುಂದೆ ಕೂತು ಗಂಜಿ ಕೇಳುತ್ತಾಳೆ ಎನ್ನುವುದಷ್ಟೇ ಇತ್ತು. ಇವರು ಅಂಗಡಿಯಿಂದ ಒಂದು ಪುಟ್ಟ ಟ್ರಂಕು ತಂದು ಮೂಲೆಯ ಕೊಂಡಿಗೆ ನೇತುಹಾಕಿದರು. ಒಂದು ಮಗುವಿನ ಬಟ್ಟೆ ಹಿಡಿಸುವಷ್ಟು ಟ್ರಂಕು.

ಹಸೀನಾ ಡಾಕ್ಟರು ಬಂದದ್ದು ಆಮೇಲೆ. ನಮ್ಮೂರಲ್ಲೇ ಹುಟ್ಟಿ, ಹೊರಗೆ ಓದಿ, ತಿರುಗಿ ಬಂದವರು. ವಾರಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಟ್ಟನೆ ಸ್ವಲ್ಪ ತಿರುಗಿಸಿ ಅವಳ ಕಣ್ಣು ನೋಡಿದರು. ಮತ್ತೆ ಮತ್ತೆ ನೋಡಿದರು.

"ನಡೆಯುವಾಗ ಏನು ಕಾಣುತ್ತೆ ಪುಟ್ಟಿ?"

"ಎಲ್ಲಾ ಕುಣಿಯುತ್ತೆ ಡಾಕ್ಟ್ರಮ್ಮ. ನಾನು ನಿಂತ್ರೆ ನಿಲ್ಲುತ್ತೆ."

ಡಾಕ್ಟರು ನನ್ನ ಕಡೆ ತಿರುಗಿ ಒಂದು ಲೋಟ ನೀರು ಕೇಳಿದರು. ಬಾಯಾರಿಕೆ ಎಂದುಕೊಂಡೆ. ಅವರು ಅದಕ್ಕೆ ಒಂದು ಕಾಳು ಜೀರಿಗೆ ಹಾಕಿ, ಲೋಟವನ್ನು ಅಂಗೈಯಲ್ಲಿ ಥಟ್ಟನೆ ತಿರುಗಿಸಿದರು. ಲೋಟ ತಿರುಗಿತು. ಜೀರಿಗೆ ಇದ್ದಲ್ಲೇ ಇತ್ತು.

"ನೋಡಿ, ಲೋಟ ಹೋಯ್ತು, ನೀರು ಹಿಂದೆ ಉಳೀತು. ಕಿವಿಯೊಳಗೆ ಇಂಥ ನೀರು ತುಂಬಿದ ಮೂರು ಪುಟ್ಟ ಬಳೆ ಇವೆ. ಒಂದು ಮಲಗಿದ ಹಾಗೆ, ಎರಡು ನಿಂತ ಹಾಗೆ. ತಲೆ ಯಾವ ಕಡೆ ತಿರುಗಿದ್ರೂ ಯಾವುದೋ ಒಂದು ಬಳೆಯ ನೀರು ಹಿಂದೆ ಬೀಳುತ್ತೆ, ಅಲ್ಲಿರೋ ಕೂದಲಂಥ ಎಳೆಗಳನ್ನ ಬಾಗಿಸುತ್ತೆ. ಪಕ್ಕದಲ್ಲೇ ಸುಣ್ಣದ ಹರಳು ಇವೆ, ತಲೆ ವಾಲಿದ ಕಡೆಗೆ ಅವು ಜಾರುತ್ತವೆ. ಅದರ ಪಕ್ಕ ಬಸವನ ಹುಳದ ಚಿಪ್ಪಿನ ಥರ ಸುತ್ತಿಕೊಂಡಿರೋದು ಶಬ್ದ ಕೇಳೋ ಜಾಗ. ಎಲ್ಲಾ ಒಂದೇ ಮನೆ, ಒಂದೇ ನರದಲ್ಲಿ ಮಿದುಳಿಗೆ ಸುದ್ದಿ ಹೋಗುತ್ತೆ."

"ಅಷ್ಟೆಲ್ಲ ಕಿವಿಯೊಳಗೆ ಇದೆಯಾ?" ಎಂದೆ. ನಾನು ಎಷ್ಟು ಸಲ ಆ ಕಿವಿಗೆ ಎಣ್ಣೆ ಬಿಟ್ಟಿದ್ದೆ.

"ನಿಮ್ಮ ಕಿರುಬೆರಳ ಉಗುರಿನ ಮೇಲೆ ಕೂರೋವಷ್ಟರಲ್ಲಿ. ಜ್ವರ ಅದನ್ನ ಸುಟ್ಟುಬಿಟ್ಟಿದೆ. ಎಡಗಿವಿ ಕೇಳೋದೂ ಹೋಗಿದೆ. ಬಳೆಗಳು ಎರಡೂ ಕಡೆ ಹೋಗಿವೆ. ಮತ್ತೆ ಬೆಳೆಯಲ್ಲ ಹೇಮಾವತಿ ಅವರೇ. ಸುಳ್ಳು ಹೇಳೋಕೆ ನನಗೆ ಇಷ್ಟ ಇಲ್ಲ."

ಪಾತ್ರೆಗಳು ಗುಂಯ್ ಎಂದವು. ಬೀದಿಯಲ್ಲಿ ಯಾರೋ "ಕಣ್ಣೂ!" ಎಂದರು. ನಾನೂ ಡಾಕ್ಟರೂ ಕಣ್ಣು ಮುಚ್ಚಿದೆವು. ಮನೆ ವಾಲಿತು. ವಾರಿ ಧೊಪ್ಪನೆ ಬಿದ್ದ ಸದ್ದಾಯಿತು. ಅವಳೂ ಮುಚ್ಚಿಕೊಂಡಿದ್ದಳು, ಹೇಳಿದ ಮಾತು ಕೇಳುವ ಹುಡುಗಿ.

ಮನೆ ನೆಟ್ಟಗಾದ ಮೇಲೆ ಡಾಕ್ಟರು ಹಣೆ ಚಚ್ಚಿಕೊಂಡು ನಕ್ಕರು. "ಅಯ್ಯೋ, ನೋಡಿ ನನ್ನ ಬುದ್ಧಿ! ಇಷ್ಟು ಓದಿದವಳು ನಾನೂ ಮಗೂಗೆ ಹೇಳ್ದೆ ಸುಮ್ನಿದ್ದೆ. ಕಣ್ಣು ಮುಚ್ಚೋ ಪಾಠ ಕಿವಿ ಇರೋರಿಗೆ. ಇವಳ ಕಿವಿ ಸುದ್ದಿ ಕೊಡೋದನ್ನ ನಿಲ್ಲಿಸಿದೆ. ಕಣ್ಣೂ ಮುಚ್ಚಿದ್ರೆ ಮಿದುಳು ಯಾರನ್ನ ಕೇಳಬೇಕು? ಪುಟ್ಟಿ, ನೀನು ಕಣ್ಣು ಬಿಡು."

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಮಿದುಳು ಕಿವಿ, ಕಣ್ಣು, ಕಾಲು ಎಲ್ಲರನ್ನೂ ಕೇಳ್ತಾ ಇರುತ್ತೆ. ಒಬ್ಬರು ಸುಮ್ಮನಾದ್ರೆ ಉಳಿದವರ ಮಾತನ್ನ ಇನ್ನೂ ಗಮನ ಕೊಟ್ಟು ಕೇಳೋಕೆ ಕಲಿಯುತ್ತೆ. ಆದರೆ ಹಾಸಿಗೇಲಿ ಮಲಗಿಸಿದ್ರೆ ಕಲಿಯಲ್ಲ. ನಡೆಸಬೇಕು. ಬೀಳ್ತಾಳೆ. ನೀವು ತಡ್ಕೋಬೇಕು."

ಅವರು ಹೋದ ಮೇಲೆ ನಾನು ಚಹಾಪುಡಿಯ ಪೊಟ್ಟಣ ತೆಗೆದುಕೊಂಡೆ. ಡಾಕ್ಟರು ಮಾತಿನ ನಡುವೆ ಒಂದು ಆಟ ಹೇಳಿದ್ದರು. ಪೊಟ್ಟಣವನ್ನು ಕೈಯಲ್ಲಿ ಅಲ್ಲಾಡಿಸಿದೆ, ಅಕ್ಷರಗಳು ಕಲಸಿಹೋದವು. ಆಮೇಲೆ ಪೊಟ್ಟಣವನ್ನು ಅಲುಗದಂತೆ ಹಿಡಿದು ನನ್ನ ತಲೆಯನ್ನು ಅಷ್ಟೇ ಜೋರಾಗಿ ಆಡಿಸಿದೆ. ಅಕ್ಷರಗಳು ಗೋಡೆಗೆ ಬರೆದಂತೆ ನಿಂತೇ ಇದ್ದವು. ತಲೆ ಎಡಕ್ಕೆ ಹೋದಷ್ಟೂ ಒಳಗಿನ ಯಾರೋ ನನ್ನ ಕಣ್ಣನ್ನು ಬಲಕ್ಕೆ ತಿರುಗಿಸುತ್ತಿದ್ದರು, ಕೂದಲೆಳೆಯಷ್ಟೂ ತಪ್ಪದಂತೆ, ನನ್ನನ್ನು ಕೇಳದೆ. ಮೂವತ್ತು ಚಿಲ್ಲರೆ ವರ್ಷ ನಾನು ಒಗ್ಗರಣೆ ಹಾಕಿದ್ದೇನೆ, ಕಲ್ಲು ಆರಿಸಿದ್ದೇನೆ, ಓಡುತ್ತ ಓಡುತ್ತ ಮಗಳ ಜಡೆ ಹೆಣೆದಿದ್ದೇನೆ, ಅಷ್ಟು ಹೊತ್ತೂ ಇದು ನಡೆದಿತ್ತು. ಒಲೆಯ ಮುಂದೆ ನಿಂತು ಹುಚ್ಚಿಯಂತೆ ತಲೆ ಆಡಿಸುತ್ತಲೇ ಇದ್ದೆ.

"ಏನ್ರೀ ಇದು, ಮೈಮೇಲೆ ಬಂತಾ?" ಎಂದಳು ಕಿಟಕಿಯಿಂದ ಪುಟ್ಟಗೌರಿ.

"ನೀನೂ ಮಾಡಿ ನೋಡು ಬಾರೇ" ಎಂದು ಪೊಟ್ಟಣ ಕೊಟ್ಟೆ. ಸ್ವಲ್ಪ ಹೊತ್ತಿಗೆ ಇಬ್ಬರೂ ಆಡಿಸುತ್ತಿದ್ದೆವು. ವಾರಿ ಹಾಸಿಗೆಯಲ್ಲಿ ಕೂತು ನಗುತ್ತಿದ್ದಳು. ಜ್ವರದ ಮೇಲೆ ಅದೇ ಮೊದಲ ನಗು.

ಅಂದಿನಿಂದ ನಡೆಸಲು ಶುರುಮಾಡಿದೆ. ಬೆಳಿಗ್ಗೆ ತಿಂಡಿಯಾದ ಮೇಲೆ, ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ, ಸಂಜೆ ದೀಪ ಹಚ್ಚುವ ಮೊದಲು. ಬರಿಗಾಲಲ್ಲಿ ನಡೆ ಎಂದೆ. ಅವಳು ಓಲಾಡುವಾಗ ನನ್ನ ಎರಡೂ ಕೈ ತಾವಾಗಿಯೇ ಮುಂದೆ ಬರುತ್ತಿದ್ದವು. ಅವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದೆ. ಮಗು ಬೀಳುವುದನ್ನು ನೋಡಿಕೊಂಡು ಕೈ ಕಟ್ಟಿ ನಿಲ್ಲುವುದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ.

ಕಿವಿಗೂ ಒಂದು ಆಟ ಮಾಡಿಕೊಂಡೆವು. ನಾನು ಉಗ್ರಾಣದಿಂದ, ಹಿತ್ತಿಲಿಂದ, ಮಂಚದ ಹಿಂದಿನಿಂದ ಅಡಗಿ ಕರೆಯುವುದು, ಅವಳು ಹುಡುಕುವುದು. ಮೊದಲಿಗೆ ದಿಕ್ಕೇ ತಿಳಿಯುತ್ತಿರಲಿಲ್ಲ. ಎರಡು ಕಿವಿ ಇದ್ದರೆ ದನಿ ಒಂದಕ್ಕೆ ಚೂರು ಮುಂಚೆ ಮುಟ್ಟುತ್ತದಂತೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಸಣ್ಣ ಆ ವ್ಯತ್ಯಾಸವನ್ನು ಅಳೆದು ಮಿದುಳು ದಿಕ್ಕು ಹೇಳುತ್ತದಂತೆ. ಒಂದೇ ಕಿವಿಗೆ ಅಳೆಯಲು ಜೊತೆ ಇಲ್ಲ. ವಾರಿ ಕೋಳಿಯ ಹಾಗೆ ಕತ್ತು ಅತ್ತಿತ್ತ ತಿರುಗಿಸತೊಡಗಿದಳು. ದನಿ ಯಾವ ಕಡೆಗೆ ತಿರುಗಿದಾಗ ಜೋರಾಗುತ್ತದೆ, ಯಾವ ಕಡೆಗೆ ಮಂಕಾಗುತ್ತದೆ ಎಂದು ನೋಡಿಕೊಂಡು, ಚಳಿ ಬರುವ ಹೊತ್ತಿಗೆ ನೇರ ಬಂದು ನನ್ನ ಸೀರೆ ಎಳೆಯುತ್ತಿದ್ದಳು. ಯಾರೂ ಅವಳಿಗೆ ಕತ್ತು ತಿರುಗಿಸು ಎಂದು ಹೇಳಿಕೊಟ್ಟಿರಲಿಲ್ಲ.

ಒಂದು ದಿನ ಅವಳು ಅಡುಗೆಮನೆಯಲ್ಲಿ ನಿಂತಿದ್ದಾಗ ಊರು ವಾಲಿತು. ನಾನು ಬೇಕೆಂದೇ ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡಿದೆ, ಕಂಬ ತಬ್ಬಿಕೊಂಡು. ವಾರಿ ಬೀಳಲಿಲ್ಲ. ಅವಳ ಕಣ್ಣು ಒಲೆಯ ಮೇಲೆ ನೇತಾಡುವ ಸೌಟಿನ ಮೇಲೆ ನೆಟ್ಟಿತ್ತು. ಗೋಡೆ ಒರಗಿತು, ಕಿಟಕಿ ಒರಗಿತು. ಸೌಟು ನೆಟ್ಟಗಿತ್ತು, ವಾರಿಯೂ ಸೌಟಿನಂತೆ ನೆಟ್ಟಗಿದ್ದಳು.

"ಹೆಂಗೇ ನಿಂತೆ?"

"ಗೋಡೆ ಸುಳ್ಳು ಹೇಳುತ್ತೆ ಅಮ್ಮ. ಸೌಟು ನಿಜ ಹೇಳುತ್ತೆ."

ಸಂಜೆ ಇವರು ಬಂದಾಗ ಓಡಿಹೋಗಿ ಹೇಳಿದೆ. ಇವರು ಅಂಗಡಿಗೆ ತಿರುಗಿ ಹೋಗಿ ಒಂದು ಚೀಲ ತುಂಬ ಸಣ್ಣ ಕೊಂಡಿಗಳನ್ನೂ ಕಬ್ಬಿಣದ ಗುಂಡುಗಳನ್ನೂ ತಂದರು. ಮಾರನೆಯ ದಿನ ನಮ್ಮ ಬೀದಿಯ ಸೂರುಗಳಿಂದೆಲ್ಲ ಗುಂಡುಗಳು ನೇತಾಡುತ್ತಿದ್ದವು. ವಾರಿ ಅವನ್ನು ನೋಡಿಕೊಂಡು ಶಾಲೆಗೆ ಹೋದಳು. ಓಲಾಡುತ್ತಲೇ ಹೋದಳು, ಆದರೆ ಹೋದಳು.

ಸಂತೋಷದ ನಡುವೆಯೂ ನಾನು ಒಂದನ್ನು ಮರೆಯುವಂತಿರಲಿಲ್ಲ. ಚೌಕದ ನಡಿಗೆ ಕಣ್ಣು ಕಟ್ಟಿಯೇ ನಡೆಯಬೇಕಾದದ್ದು. ಕಣ್ಣಿಗೆ ಬಟ್ಟೆ ಕಟ್ಟಿದ ಕೂಡಲೇ ವಾರಿ ಮೊದಲಿನಂತೆಯೇ ಬೀಳುತ್ತಿದ್ದಳು. ಬರಿಗಾಲಿನ ಸುದ್ದಿಯೊಂದೇ ಅವಳಿಗೆ ಸಾಲುತ್ತಿರಲಿಲ್ಲ. ಚಳಿ ಮುಗಿಯುತ್ತ ಬಂತು. ಟ್ರಂಕಿನೊಳಗೆ ನಾನು ಅವಳ ಎರಡು ಲಂಗ ಮಡಿಸಿಟ್ಟೆ, ತೆಗೆದೆ, ಮತ್ತೆ ಇಟ್ಟೆ.

ಬಾವಿಗೆ ಹೋಗುವ ಓಣಿಯ ಸುಣ್ಣದ ಗೋಡೆಯ ಮೇಲೆ, ಸೊಂಟದೆತ್ತರಕ್ಕೆ, ಉದ್ದಕ್ಕೂ ಒಂದು ಹೊಳೆಯುವ ಗೆರೆ ಇದೆ. ದನಗಳು ಮೈ ಉಜ್ಜಿ ಆದದ್ದು ಎಂದು ಎಲ್ಲರೂ ತಿಳಿದಿದ್ದೆವು. ಒಂದು ಬೆಳಿಗ್ಗೆ ಬಿಂದಿಗೆ ಹೊತ್ತು ಬರುವಾಗ ಮಂಜು ಕವಿದಿತ್ತು. ಎದುರಿನಿಂದ ದ್ಯಾವಮ್ಮಜ್ಜಿ ಬರುತ್ತಿದ್ದರು, ನನ್ನನ್ನು ಕಂಡಿರಲಿಲ್ಲ. ಅವರ ಬಲಗೈಯ ತೋರುಬೆರಳು ಆ ಗೆರೆಯ ಮೇಲೆ ಜಾರುತ್ತಿತ್ತು. ಒರಗಿರಲಿಲ್ಲ. ಭಾರ ಹಾಕಿರಲಿಲ್ಲ. ಬೆರಳ ತುದಿ ಮಾತ್ರ, ಬಿಸಿ ಹಾಲನ್ನು ಮುಟ್ಟಿ ನೋಡುವಷ್ಟು. ಗೋಡೆಯ ಒಂದು ಕಡೆ ಕುಸಿದು ತೆರೆದ ಜಾಗವಿದೆ. ಅಲ್ಲಿ ಬೆರಳು ಗಾಳಿಗೆ ಬಂದ ಕ್ಷಣ ಅಜ್ಜಿಯ ಮೈ ತೂಗಿತು. ಮತ್ತೆ ಗೋಡೆ ಸಿಕ್ಕಿತು, ನಿಂತಿತು.

ನಾನು ಬಿಂದಿಗೆಯನ್ನು ಗಟ್ಟಿಯಾಗಿ ಅಪ್ಪಿಕೊಂಡೆ. ಅಜ್ಜಿ ಹತ್ತಿರ ಬಂದು ಅದರ ಅಂಚಿಗೆ ಬೆರಳಿಟ್ಟು, "ಹೇಮಾನಾ? ಏನೇ, ನೀರು ತಿಳಿಯಾಗಿದೆಯಾ?" ಎಂದರು. ಆಗ ಎಷ್ಟೋ ವರ್ಷಗಳ ಬದನೆಕಾಯಿ, ಸೊಪ್ಪು, ಕುಂಬಳಕಾಯಿಯ ವಿಚಾರಣೆಯೆಲ್ಲ ನನಗೆ ಬೇರೆಯಾಗಿ ಕೇಳಿಸಿತು.

ಮನೆಗೆ ಬಂದವಳೇ ವಾರಿಯ ಕಣ್ಣಿಗೆ ಟವೆಲು ಕಟ್ಟಿ ಗೋಡೆಯ ಪಕ್ಕ ನಿಲ್ಲಿಸಿದೆ. "ಒರಗಬೇಡ. ಒಂದು ಬೆರಳು ಇಡು, ಅಷ್ಟೇ." ನಿಂತಳು. ನಡೆ ಎಂದೆ. ನಡೆದಳು. ಸೆರಗಿನ ತುದಿ ಕಂಬಕ್ಕೆ ಕಟ್ಟಿ ಬಿಗಿದು ಮುಟ್ಟಿಸಿದೆ, ನಡೆದಳು. ನನ್ನ ಹೊಲಿಗೆ ಪೆಟ್ಟಿಗೆಯಿಂದ ಬಿಳಿ ನೂಲು ತೆಗೆದು ಎರಡು ಕಂಬದ ನಡುವೆ ಬಿಗಿದೆ. ಬೆರಳನ್ನು ಅದರ ಮೇಲೆ ಇಟ್ಟು, ಕಣ್ಣು ಕಟ್ಟಿಕೊಂಡು, ಮನೆ ವಾಲುತ್ತಿರುವಾಗ, ನನ್ನ ಮಗಳು ಪಡಸಾಲೆಯ ಉದ್ದಕ್ಕೂ ನಡೆದಳು.

ಹಸೀನಾ ಡಾಕ್ಟರಿಗೆ ಹೇಳಿಕಳಿಸಿದೆ. ಅವರು ಬಂದು ನೂಲನ್ನು ಮೀಟಿ ನೋಡಿದರು. "ಈ ನೂಲು ಅವಳನ್ನ ಹಿಡೀತಾ ಇಲ್ಲ" ಎಂದು ಮೆಲ್ಲಗೆ ಹೇಳಿದರು. "ಮೈ ಚೂರು ತೂಗಿದ್ರೂ ಬೆರಳ ತುದಿಯ ಚರ್ಮ ಚೂರು ಎಳೆಯುತ್ತೆ. ಆ ಸುದ್ದಿ ಮಿದುಳಿಗೆ ಓಡುತ್ತೆ, ಅದು ಕಾಲಿಗೆ ಹೇಳುತ್ತೆ. ಬೀಳೋಕೆ ಮುಂಚೆ ಎಲ್ಲಾ ಮುಗಿದಿರುತ್ತೆ. ಎಲ್ಲಿ ನೋಡಿ ಕಲಿತ್ರಿ?"

"ಹೀಗೇ" ಎಂದೆ. ಯಾರ ಹೆಸರನ್ನೂ ಹೇಳಲಿಲ್ಲ.

ದೊಡ್ಡ ವಾಲಿನ ಹಿಂದಿನ ದಿನ ನೂಲಿನ ಉಂಡೆ ತೆಗೆದುಕೊಂಡು ದ್ಯಾವಮ್ಮಜ್ಜಿಯ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ವಾರಿ ನೂಲು ಮುಟ್ಟಿಕೊಂಡು ನಡೆಯುವುದನ್ನು ಹೇಳಿದೆ. ಕೇಳಿ, ಆಗದು ಎಂದು ತಲೆ ಅಲ್ಲಾಡಿಸಿದರು.

"ನೂಲು ಹಿಡಿದ್ರೆ ಹಿಡಿದ ಹಾಗೇ ಕಣೇ. ನಾಳೆ ಒಬ್ಬ ನೂಲು ಅಂತಾನೆ, ನಾಡಿದ್ದು ಇನ್ನೊಬ್ಬ ಕೋಲು ಅಂತಾನೆ. ನನ್ನ ತಮ್ಮನ್ನೂ ಹೀಗೇ ಏನೇನೋ ಹೇಳಿ ಉಳಿಸಿಕೊಂಡ್ರು."

"ಇದು ಹಿಡಿಯೋದಲ್ಲ ಅಜ್ಜಿ. ಮುಟ್ಟೋದು ಅಷ್ಟೇ."

"ಎರಡೂ ಒಂದೇ."

ಓಣಿಯಲ್ಲಿ ಕಂಡದ್ದರ ಮಾತು ನನ್ನ ಬಾಯಿಯ ತನಕ ಬಂದಿತ್ತು. ಆಡಿದ್ದರೆ ಅವರ ಕಟ್ಟಳೆ ಅವರ ಮೇಲೇ ಬೀಳುತ್ತಿತ್ತು. ಈ ವಯಸ್ಸಿನಲ್ಲಿ ಸಪಾಟಿನ ಯಾವ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಾರೆ? ಆಡಲಿಲ್ಲ. ಆದರೆ ಕಣ್ಣಿಗೆ ಬುದ್ಧಿ ಇಲ್ಲ, ಅದು ಜಗಲಿಯಿಂದ ಶುರುವಾಗುವ ಓಣಿಯ ಗೋಡೆಯ ಕಡೆ ಹೋಯಿತು. ಹೊಳೆಯುವ ಗೆರೆಯ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ನಾನು ತಿರುಗಿ ನೋಡುವಷ್ಟರಲ್ಲಿ ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಅವರ ಕೈಯಲ್ಲಿ ಹುಣಸೆಯ ನಾರು ಹಾಗೇ ನಿಂತಿತ್ತು.

ಆಮೇಲೆ ನಾರನ್ನು ಬದಿಗೆ ಹಾಕಿ, "ನಾಳೆ ತಾ. ನೋಡೋಣ" ಎಂದರು.

ಮಾರನೆಯ ದಿನ ಚೌಕದಲ್ಲಿ ಊರೇ ಸೇರಿತ್ತು. ಲೋಲಾಕ್ಷಿ ಅತ್ತಿಗೆ ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿ ಬಂದಿದ್ದರು. ಸಪಾಟಿನವರಿಗೆ ನಮ್ಮ ಸಣ್ಣ ವಾಲನ್ನೂ ತಡೆಯಲಾಗದು. ಅವರು ಬಂದವರೇ ನೆಲಕ್ಕೆ ಕೂತು ಕಂಬವನ್ನು ತಬ್ಬಿಕೊಂಡು, "ದೇವರೇ, ಹೆಂಗಿರ್ತೀರೋ ಇಲ್ಲಿ, ನಿಮಗೆ ವಾಂತಿ ಬರಲ್ವಾ?" ಎನ್ನುತ್ತಿದ್ದರು. ಏಳು ತುಂಬಿದ ಮಕ್ಕಳು ಅಂದಿನ ಮೊದಲ ವಾಲುಗಳಲ್ಲಿ ನಡೆದರು. ಕೊನೆಗೆ ವಾರಿ.

ನಾನೂ ಇವರೂ ಕಂಬದಿಂದ ಬಾವಿಯ ರಾಟೆಯ ತನಕ ನೂಲು ಬಿಗಿದೆವು. ಗುಂಪಿನಲ್ಲಿ ಗುಜುಗುಜು ಎದ್ದಿತು. "ಆಸರೆ ಇಟ್ಕೊಂಡು ನಡೆಯೋದಾದ್ರೆ ಎಲ್ಲರೂ ನಡೀತಾರಪ್ಪ" ಎಂದಿತು ಒಂದು ಗಂಡುದನಿ.

ದ್ಯಾವಮ್ಮಜ್ಜಿ ಎದ್ದು ಬಂದು ನೂಲಿನ ಮೇಲೆ ಬೆರಳಿಟ್ಟರು. ನೋಡುವುದಕ್ಕೆ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಹಾಗೆ ನಿಂತರು. ಆಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ನೂಲು ಪಟ್ಟೆಂದು ಕಡಿಯಿತು.

"ಕಂಡ್ರಾ? ಇದು ಕಡಿದ್ರೆ ಮಗು ಇದರ ಮೇಲೆ ಭಾರ ಹಾಕಿದೆ ಅಂತ ಲೆಕ್ಕ. ಸಪಾಟಿಗೆ ಹೋಗುತ್ತೆ. ಕಡೀಲಿಲ್ಲ ಅಂದ್ರೆ ಯಾರೂ ಹಿಡಿದಿಲ್ಲ ಅಂತ ಲೆಕ್ಕ. ಇನ್ನೊಂದು ಕಟ್ಟೇ ಹೇಮಾ."

ಎಷ್ಟು ಸಲ ಕಟ್ಟಿದರೂ ಗಂಟು ಬೀಳುತ್ತಲೇ ಇರಲಿಲ್ಲ. ಪುಟ್ಟಗೌರಿ ಬಂದು ಗಂಟು ಹಾಕಿದಳು. ವಾರಿಯ ಕಣ್ಣಿಗೆ ಬಟ್ಟೆ ಕಟ್ಟಿ, ಬಲಗಿವಿಯ ಹತ್ತಿರ ಬಾಗಿ, "ನಾನು ಬಾವಿಕಟ್ಟೆ ಹತ್ರ ಇರ್ತೀನಿ ಮಗಳೇ" ಎಂದೆ.

"ಕರೀಬೇಡ ಅಮ್ಮ. ಕರೆದ್ರೆ ಕತ್ತು ತಿರುಗಿಸ್ಬೇಕು ಅನ್ಸುತ್ತೆ" ಎಂದಳು.

ತಾಮ್ರದ ಪಾತ್ರೆಗಳು ಊರ ತುಂಬ ಗುಂಯ್‌ಗುಟ್ಟಿದವು. "ಕಣ್ಣೂ!" ಎಂಬ ಕೂಗು ಬಂತು. ಊರವರೆಲ್ಲ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ. ಚೌಕದ ಕಲ್ಲುಹಾಸು ಬಾವಿಯ ಕಡೆಗೆ ಇಳಿಜಾರಾಯಿತು, ಇನ್ನೂ ಇಳಿಯಿತು. ನಾನು ರಾಟೆಯ ಕಂಬಕ್ಕೆ ತೋಳು ಸುತ್ತಿಕೊಂಡು ನೋಡಿದೆ. ಆ ದೊಡ್ಡ ವಾಲಿನಲ್ಲಿ ನನ್ನ ಮಗಳು ಕಂಬವನ್ನು ಬಿಟ್ಟು ಒಂದು ಬೆರಳನ್ನು ನೂಲಿನ ಮೇಲಿಟ್ಟಳು. ಬರಿಗಾಲಿನ ಬೆರಳುಗಳು ಅಗಲವಾಗಿ ಹರಡಿಕೊಂಡವು, ಕಲ್ಲನ್ನು ಓದುವಂತೆ. ಒಂದು ಹೆಜ್ಜೆ. ಮೈ ಎಡಕ್ಕೆ ತೂಗಿತು. ನೂಲು ಒಂದು ಕೂದಲಷ್ಟು ಬಾಗಿತು. ಅವಳ ಬಲಮೊಣಕಾಲು ತಾನಾಗಿ ಮಡಿದು ಮೈಯನ್ನು ತಂದು ಸರಿಮಾಡಿತು. ಇನ್ನೊಂದು ಹೆಜ್ಜೆ. ನಡುವಿನಲ್ಲಿ ಒಮ್ಮೆ ಪೂರ್ತಿ ನಿಂತುಬಿಟ್ಟಳು. ಲೋಲಾಕ್ಷಿ ಅತ್ತಿಗೆ ನೆಲದಲ್ಲಿ ಕೂತಲ್ಲಿಂದಲೇ "ಅಯ್ಯೋ ಕಂದ" ಎಂದು ಬಿಕ್ಕಿದರು. ವಾರಿ ಯಾರ ಮಾತಿಗೂ ಕಾಯುತ್ತಿರಲಿಲ್ಲ. ಒಳಗೆ ಯಾವುದೋ ಸುದ್ದಿ ಬರಬೇಕಿತ್ತು. ಅದು ಬಂತು, ನಡೆದಳು.

ಬಾವಿಕಟ್ಟೆಗೆ ಅವಳ ಮೊಣಕಾಲು ತಾಗಿತು. ನಾನು ಅವಳನ್ನು ಹಿಡಿದುಕೊಂಡೆ. ಅಷ್ಟು ತಿಂಗಳು ಸೊಂಟಕ್ಕೆ ಸಿಕ್ಕಿಸಿದ್ದ ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಊರು ನೆಟ್ಟಗಾಯಿತು. ಎಲ್ಲರೂ ಕಣ್ಣು ಬಿಟ್ಟರು. ನೂಲು ಕಂಬದಿಂದ ರಾಟೆಯ ತನಕ ಇದ್ದ ಹಾಗೇ ಇತ್ತು.

"ಮಗು ನಡೀತು" ಎಂದರು ದ್ಯಾವಮ್ಮಜ್ಜಿ.

ನಾನು ನೂಲು ಬಿಚ್ಚಲು ಹೋದೆ. "ಇರ್ಲಿ ಬಿಡೇ" ಎಂದರು ಅಜ್ಜಿ. ತಾವು ಕೂತಿದ್ದ ಕಟ್ಟೆಯಿಂದ ಇಳಿದು ಕಂಬದ ಬಳಿ ಬಂದರು. ಸುತ್ತ ಬುಟ್ಟಿ ಹಿಡಿದವರು ಬೇಕಾದಷ್ಟು ಮಂದಿ ಇದ್ದರು. ಯಾರ ಬುಟ್ಟಿಯನ್ನೂ ಕೇಳಲಿಲ್ಲ. ತೋರುಬೆರಳನ್ನು ನೂಲಿನ ಮೇಲಿಟ್ಟು, ಊರೆಲ್ಲ ನೋಡುತ್ತಿರುವಂತೆ, ಚೌಕವನ್ನು ದಾಟತೊಡಗಿದರು. ನಿಧಾನವಾಗಿ, ಒಬ್ಬರೇ. ಬಾವಿಕಟ್ಟೆಗೆ ಬಂದು ಮುಟ್ಟಿದಾಗ ವಾರಿ ನಕ್ಕು, "ಅಜ್ಜಿ, ಬುಟ್ಟಿ ಇಲ್ದೇನೆ ಬಂದ್ಬಿಟ್ರಿ!" ಎಂದಳು.

"ಹ್ಞೂಂ ಕಣೇ" ಎಂದರು ಅಜ್ಜಿ. "ಇನ್ನು ಯಾರ ಬದನೆಕಾಯಿ ಎಳೇದೋ ಬಲಿತದ್ದೋ, ನನಗೆ ಬೇಡ." ಮೊದಲು ನಕ್ಕವಳು ಪುಟ್ಟಗೌರಿ. ಆಮೇಲೆ ಎಲ್ಲರೂ ನಕ್ಕರು. ಕಟ್ಟಳೆಯ ಮಾತನ್ನು ಯಾರೂ ಎತ್ತಲಿಲ್ಲ.

ಅತ್ತಿಗೆ ನಮ್ಮಲ್ಲಿ ಊಟ ಮಾಡಿ, ಖಾಲಿ ಗಾಡಿಯಲ್ಲಿ ಹೋದರು. ಹೋಗುವಾಗ ವಾರಿಯ ಎಡಗಿವಿಗೆ ಏನೋ ಹೇಳಿದರು. ಅವಳು ಬಲಗಿವಿ ಕೊಟ್ಟಳು, ಇನ್ನೊಮ್ಮೆ ಹೇಳಿದರು. ಟ್ರಂಕಿನಲ್ಲಿ ಈಗ ನಾನು ಚಳಿಯ ಹೊದಿಕೆ ಇಟ್ಟಿದ್ದೇನೆ.

ನೂಲು ಚೌಕದಲ್ಲಿ ಇನ್ನೂ ಇದೆ. ಗಾಳಿಗೆ, ಹಕ್ಕಿಗೆ ಆಗಾಗ ಕಡಿಯುತ್ತದೆ, ಯಾರು ಮೊದಲು ನೋಡುತ್ತಾರೋ ಅವರು ಕಟ್ಟುತ್ತಾರೆ. ಇನ್ನೂ ಕೆಲವು ಮುದುಕರು ಅದನ್ನು ಮುಟ್ಟಿಕೊಂಡು ದಾಟುವುದನ್ನು ಕಂಡಿದ್ದೇನೆ. ವಾರಿ ಹಗಲಲ್ಲಿ ಅದನ್ನು ಮುಟ್ಟುವುದೂ ಇಲ್ಲ, ಸೂರಿನ ಗುಂಡುಗಳನ್ನು ನೋಡಿಕೊಂಡು ಗೆಳತಿಯರ ಹಿಂದೆ ಓಡುತ್ತಾಳೆ.

ನಿನ್ನೆ ನೀರಿಗೆ ಹೋದಾಗ ಚೌಕದಲ್ಲಿ ಯಾರೂ ಇರಲಿಲ್ಲ. ಬಿಂದಿಗೆ ಕೆಳಗಿಟ್ಟೆ, ಚಪ್ಪಲಿ ಬಿಟ್ಟೆ, ಬೆರಳನ್ನು ನೂಲಿಗೆ ತಾಗಿಸಿದೆ. ಪಾತ್ರೆಗಳು ಗುಂಯ್ ಎಂದವು, ಕಣ್ಣು ಮುಚ್ಚಿದೆ. ಊರು ಸೇತುವೆಯ ಕಡೆಗೆ ವಾಲಿತು. ಕಿವಿಯ ಬಳೆಗಳು, ಸುಣ್ಣದ ಹರಳು, ಅಂಗಾಲು, ಬೆರಳ ತುದಿ ಎಲ್ಲ ಒಳಗೆ ಯಾರಿಗೋ ಏನೇನೋ ಹೇಳಿರಬೇಕು, ಆ ಯಾರೋ ಕೇಳಿಕೊಂಡು ನನ್ನ ಮೊಣಕಾಲಿಗೆ ಏನೋ ಹೇಳಿರಬೇಕು. ನನಗೆ ಒಂದು ಮಾತೂ ಕೇಳಿಸಲಿಲ್ಲ. ನಾನು ನೆಟ್ಟಗೆ ನಿಂತಿದ್ದೆ, ಅಷ್ಟೇ.